ಎರಡಕ್ಷರದ ಒಡೆತನ

ಮೂವತ್ತೈದು ವರ್ಷಗಳ ಹಿಂದೆ, ಕಾಲೇಜಿನ ವಾರ್ಷಿಕ ಸಂಚಿಕೆಗಾಗಿ ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್‌ನನ್ನು ಕುರಿತು ನಾನೊಂದು ಲೇಖನ ಬರೆದಿದ್ದೆ. ಆಗ ನಾನು ಇತಿಹಾಸದ ಹೊಸ ಅಧ್ಯಾಪಕ. ಗ್ರಂಥಾಲಯದಲ್ಲಿ ಸಿಕ್ಕ ಎರಡು ಹಳೆಯ ಇಂಗ್ಲಿಷ್ ಪುಸ್ತಕಗಳೇ ನನ್ನ ಬಂಡವಾಳ. ಆ ಲೇಖನದಲ್ಲಿ ಡ್ಯೂರರ್‌ನ ಹೆಂಡತಿ ಆಗ್ನೆಸ್‌ಳ ಪಾಲಿಗೆ ಬಂದದ್ದು ಒಂದೇ ವಾಕ್ಯ. ಆಕೆ ಜಗಳಗಂಟಿ, ಹಣದಾಸೆಯವಳು, ಮಹಾನ್ ಕಲಾವಿದನೊಬ್ಬನನ್ನು ಹಗಲಿರುಳು ದುಡಿಸಿ ಸಾವಿನತ್ತ ನೂಕಿದವಳು ಎಂದು ಅರ್ಥವಾಗುವ ವಾಕ್ಯ. ಓದಿದ ಸಹೋದ್ಯೋಗಿಗಳು ಆ ವಾಕ್ಯವನ್ನೇ ವಿಶೇಷವಾಗಿ ಮೆಚ್ಚಿಕೊಂಡರು. ಪ್ರತಿಭಾವಂತ ಗಂಡ, ಲೌಕಿಕ ಹೆಂಡತಿ ಎಂಬ ಜೋಡಿ ಎಲ್ಲ ಕಾಲಕ್ಕೂ ಎಲ್ಲ ಊರಿಗೂ ಒಪ್ಪಿಗೆಯಾಗುವ ಕಥೆಯಲ್ಲವೇ?

2019ರ ಬೇಸಿಗೆಯಲ್ಲಿ ಮಗನ ಮನೆಗೆಂದು ಜರ್ಮನಿಗೆ ಹೋದಾಗ, ನ್ಯೂರೆಂಬರ್ಗಿನಲ್ಲಿ ಡ್ಯೂರರ್ ಬಾಳಿದ ಮನೆಯನ್ನು ನೋಡುವ ಅವಕಾಶ ನಮಗೆ ಒದಗಿತು. ಕೋಟೆಯ ಮಗ್ಗುಲಲ್ಲಿ, ಕೆಳಗೆ ಕಲ್ಲು, ಮೇಲೆ ಮರದ ತೊಲೆಗಳ ಚೌಕಟ್ಟಿನ ಎತ್ತರದ ಮನೆ. 1509ರಲ್ಲಿ ಆತ ಕೊಂಡದ್ದು, ಈಗ ವಸ್ತುಸಂಗ್ರಹಾಲಯ. ಕಿವಿಗೆ ತಗುಲಿಸಿಕೊಳ್ಳಲು ಅಲ್ಲಿ ಕೊಡುವ ಯಂತ್ರದಲ್ಲಿ ಮನೆಯನ್ನು ಪರಿಚಯಿಸುವುದು ಡ್ಯೂರರ್ ಅಲ್ಲ, ಆಗ್ನೆಸ್. ನನಗೆ ಒಳಗೊಳಗೇ ಸ್ವಲ್ಪ ಇರುಸುಮುರುಸಾಯಿತು. ಹಳೆಯ ಮಾದರಿಯ ಮುದ್ರಣಯಂತ್ರವಿದ್ದ ಕೋಣೆಯಲ್ಲಿ ನನ್ನ ಹೆಂಡತಿ ಬಹಳ ಹೊತ್ತು ನಿಂತಳು. ಅವಳಿಗೆ ಕಲೆಯ ಇತಿಹಾಸದ ಪರಿಚಯ ಕಡಿಮೆ. ಆದರೆ ನಲವತ್ತು ವರ್ಷ ಮನೆಯ ಲೆಕ್ಕ ಬರೆದವಳು. ಇಷ್ಟೊಂದು ಹಾಳೆಗಳನ್ನು ಅಚ್ಚು ಮಾಡಿದ್ದಾನಲ್ಲ, ಇವನ್ನೆಲ್ಲ ಕೂತು ಮಾರಿದವರು ಯಾರು ಎಂದು ಕೇಳಿದಳು. ಡ್ಯೂರರ್‌ನ ರೇಖೆಯ ಬಗ್ಗೆ ಮೂರು ದಶಕ ಪಾಠ ಹೇಳಿದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಹಿಂತಿರುಗಿದ ಮೇಲೆ ಓದತೊಡಗಿದೆ. ಓದಿದಷ್ಟೂ ನನ್ನ ಹಳೆಯ ಲೇಖನ ತಲೆಕೆಳಗಾಗುತ್ತ ಹೋಯಿತು.

ಡ್ಯೂರರ್ ಹುಟ್ಟಿದ್ದು 1471ರ ಮೇ 21ರಂದು, ನ್ಯೂರೆಂಬರ್ಗಿನಲ್ಲಿ. ತಂದೆ ಹಂಗೇರಿಯಿಂದ ಬಂದು ನೆಲೆಸಿದ ಅಕ್ಕಸಾಲಿಗ. ತಾಯಿ ಬಾರ್ಬರಾ ಹದಿನೆಂಟು ಮಕ್ಕಳನ್ನು ಹೆತ್ತಳು. ದೊಡ್ಡವರಾಗುವವರೆಗೆ ಉಳಿದವರು ಮೂವರು ಗಂಡುಮಕ್ಕಳು ಮಾತ್ರ. ಹುಡುಗ ಮೊದಲು ಕಲಿತದ್ದು ತಂದೆಯ ಕಸುಬನ್ನೇ. ಲೋಹದ ಮೇಲೆ ಉಳಿ ಹಿಡಿಯುವ ಕೈ ಆಗಲೇ ಪಳಗಿತು. ಅಕ್ಕಸಾಲಿಗರು ತಾವು ಮಾಡಿದ ಒಡವೆಯ ಮೇಲೆ ತಮ್ಮ ಗುರುತನ್ನು ಒತ್ತುವ ಪದ್ಧತಿಯನ್ನೂ ಅವನು ಆ ಅಂಗಡಿಯಲ್ಲೇ ಕಂಡಿರಬೇಕು. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದದ್ದು. ಅವನ ಜ್ಞಾನಸ್ನಾನದ ಧರ್ಮಪಿತ ಆಂಟನ್ ಕೋಬರ್ಗರ್. ಈತ ಅಕ್ಕಸಾಲಿಕೆ ಬಿಟ್ಟು ಮುದ್ರಣಕ್ಕೆ ಇಳಿದು ಜರ್ಮನಿಯ ಅತಿ ದೊಡ್ಡ ಪ್ರಕಾಶಕನಾಗಿ ಬೆಳೆದವನು. ಗುಟೆನ್‌ಬರ್ಗ್ ಬೈಬಲನ್ನು ಅಚ್ಚು ಹಾಕಿ ಆಗಿನ್ನೂ ಇಪ್ಪತ್ತು ವರ್ಷ ಕಳೆದಿರಲಿಲ್ಲ.

1486ರಲ್ಲಿ, ಹದಿನೈದನೆಯ ವಯಸ್ಸಿಗೆ, ಡ್ಯೂರರ್ ಚಿತ್ರಕಾರ ಮಿಖಾಯೆಲ್ ವೋಲ್ಗೆಮುಟ್‌ನ ಬಳಿ ಶಿಷ್ಯನಾಗಿ ಸೇರಿದ. ಚರ್ಚುಗಳಿಗೆ ಚಿತ್ರ ಬರೆದುಕೊಡುವ ಜೊತೆಗೆ ಪುಸ್ತಕಗಳಿಗೆ ಮರದಚ್ಚು ಸಿದ್ಧಪಡಿಸುವ ಕಾರ್ಯಾಗಾರ ಅದು. ಡ್ಯೂರರ್ ಅಲ್ಲಿಂದ ಹೊರಟ ಮೇಲೆ, 1493ರಲ್ಲಿ, ಅದೇ ಕಾರ್ಯಾಗಾರದ ಚಿತ್ರಗಳೊಡನೆ ಕೋಬರ್ಗರ್ ಅಚ್ಚು ಹಾಕಿದ 'ನ್ಯೂರೆಂಬರ್ಗ್ ವೃತ್ತಾಂತ' ಎಂಬ ಬೃಹತ್ ಗ್ರಂಥದಲ್ಲಿ ಸುಮಾರು 1,800 ಚಿತ್ರಗಳಿವೆ. ಆದರೆ ಅವುಗಳಿಗೆ ಬಳಸಿದ ಅಚ್ಚುಗಳು ಸುಮಾರು 650 ಮಾತ್ರ. ಒಂದೇ ಅಚ್ಚು ಒಂದು ಪುಟದಲ್ಲಿ ಒಂದು ಊರಾಗಿ, ಇನ್ನೊಂದು ಪುಟದಲ್ಲಿ ಮತ್ತೊಂದು ಊರಾಗಿ ನಿಲ್ಲುತ್ತದೆ. ಒಬ್ಬನೇ ಗಡ್ಡದವನು ಹಲವು ರಾಜರ ಹೆಸರು ಹೊರುತ್ತಾನೆ. ಓದುಗರಾರೂ ತಕರಾರು ಮಾಡಲಿಲ್ಲ. ಏಕೆಂದರೆ ಅಚ್ಚುಚಿತ್ರವೆಂದರೆ ಅಂದು ಗುರುತಿನ ಚೀಟಿಯಷ್ಟೇ ಹೊರತು ಕಲೆಯಲ್ಲ. ಯಾತ್ರಾಸ್ಥಳಗಳಲ್ಲಿ ಸಿಗುತ್ತಿದ್ದ ಸಂತರ ಬಿಡಿಹಾಳೆಗಳದೂ ಇದೇ ಪಾಡು. ಬರೆದವನ ಹೆಸರಿಲ್ಲ, ಒರಟಾದ ಹೊರರೇಖೆ, ಮೇಲೆ ಕೈಯಿಂದ ಬಳಿದ ಬಣ್ಣ. ಹೆಸರಿದ್ದದ್ದು ತಾಮ್ರಫಲಕ ಕೊರೆಯುವ ಕೆಲವರಿಗೆ ಮಾತ್ರ. ಅವರಲ್ಲಿ ಶ್ರೇಷ್ಠನಾದ ಮಾರ್ಟಿನ್ ಶೋನ್‌ಗಾವರ್ ತನ್ನ ಹಾಳೆಗಳ ಮೇಲೆ ಹೆಸರಿನ ಮೊದಲಕ್ಷರಗಳನ್ನು ಹಾಕುತ್ತಿದ್ದ. ಅವನನ್ನು ಕಾಣಬೇಕೆಂದು ಡ್ಯೂರರ್ 1492ರಲ್ಲಿ ಕೋಲ್ಮಾರ್ ಎಂಬ ಊರಿಗೆ ಹೋದಾಗ, ಆತ ತೀರಿಕೊಂಡು ವರ್ಷ ದಾಟಿತ್ತು.

1494ರ ಜುಲೈ 7ರಂದು ಡ್ಯೂರರ್‌ನ ಮದುವೆ. ಹಿರಿಯರು ನಿಶ್ಚಯಿಸಿದ ಸಂಬಂಧ. ವಧು ಆಗ್ನೆಸ್, ಲೋಹದ ಕೆಲಸದಲ್ಲಿ ಹೆಸರಾದ ಹಾನ್ಸ್ ಫ್ರೈ ಎಂಬವನ ಮಗಳು. ತಂದ ವರದಕ್ಷಿಣೆ 200 ಫ್ಲೋರಿನ್. ಮದುವೆಯಾದ ಕೆಲವೇ ತಿಂಗಳಲ್ಲಿ, ಊರಲ್ಲಿ ಪ್ಲೇಗ್ ಹರಡಿದ್ದಾಗ, ಹೆಂಡತಿಯನ್ನು ಅಲ್ಲೇ ಬಿಟ್ಟು ಡ್ಯೂರರ್ ಇಟಲಿಗೆ ಹೊರಟ. ಮರಳಿ ಬಂದವನ ಮುಂದೆ ಎರಡು ದಾರಿಗಳಿದ್ದವು. ಒಂದು, ಎಲ್ಲ ಚಿತ್ರಕಾರರಂತೆ ಶ್ರೀಮಂತರೂ ಚರ್ಚುಗಳೂ ಹೇಳಿಕಳುಹಿಸುವವರೆಗೆ ಕಾದು, ಅವರು ಕೇಳಿದ ದೇವರ ಚಿತ್ರವನ್ನು, ಅವರು ಹೇಳಿದ ಅಳತೆಗೆ, ಒಪ್ಪಿದ ಬೆಲೆಗೆ ಬರೆದುಕೊಡುವುದು. ಇನ್ನೊಂದು, ಯಾರೂ ಕೇಳದೆಯೇ ಚಿತ್ರ ಮಾಡಿ, ನೂರಾರು ಪ್ರತಿ ತೆಗೆದು, ಕೊಳ್ಳುವವರನ್ನು ಆಮೇಲೆ ಹುಡುಕುವುದು. ಎರಡನೆಯದರಲ್ಲಿ ಅಪಾಯವಿತ್ತು. ಮರ, ತಾಮ್ರ, ಕಾಗದ, ಮಸಿ, ಕೂಲಿ ಎಲ್ಲಕ್ಕೂ ಮುಂಗಡ ಹಣ ಹೂಡಬೇಕು. ಮಾರಾಟವಾಗದಿದ್ದರೆ ಹಾಳೆಗಳು ಇಲಿಗಳ ಪಾಲು. ಡ್ಯೂರರ್ ಆರಿಸಿಕೊಂಡದ್ದು ಇದನ್ನು.

1498ರಲ್ಲಿ ಹೊರಬಂದ 'ಪ್ರಕಟನೆ' ಅದರ ಮೊದಲ ದೊಡ್ಡ ಫಲ. ಬೈಬಲಿನ ಕೊನೆಯ ಪುಸ್ತಕವನ್ನು ಕುರಿತ ಹದಿನೈದು ಮರದಚ್ಚುಗಳು. ಒಂದೊಂದೂ ಹತ್ತಿರ ಹತ್ತಿರ ನಲವತ್ತು ಸೆಂಟಿಮೀಟರ್ ಎತ್ತರ. 1500ನೆಯ ಇಸವಿ ಸಮೀಪಿಸುತ್ತಿತ್ತು. ಲೋಕಾಂತ್ಯದ ಭಯ ಜನರಲ್ಲಿ ಕವಿದಿತ್ತು. ಇಪ್ಪತ್ತೇಳರ ಯುವಕನಿಗೆ ಈ ಸಮಯದ ಅರಿವು ಇರಲಿಲ್ಲವೆಂದು ನಾನು ನಂಬಲಾರೆ. ಜರ್ಮನ್ ಪಾಠದ ಒಂದು ಆವೃತ್ತಿ, ಲ್ಯಾಟಿನ್ ಪಾಠದ ಇನ್ನೊಂದು. ಸಾಮಾನ್ಯ ಪುಸ್ತಕಗಳಲ್ಲಿ ಮಾತಿನ ಸಂದಿಯಲ್ಲಿ ಚಿತ್ರ ತುರುಕಿಕೊಂಡಿದ್ದರೆ, ಇಲ್ಲಿ ಚಿತ್ರ ಇಡೀ ಪುಟವನ್ನು ಆವರಿಸಿ, ಪಾಠ ಹಾಳೆಯ ಬೆನ್ನಿಗೆ ಸರಿದಿತ್ತು. ಚಿತ್ರಕಾರನೂ ಆತನೇ, ಪ್ರಕಾಶಕನೂ ಆತನೇ. ಕುದುರೆ ಏರಿದ ನಾಲ್ವರು ಸವಾರರು ಜನರನ್ನು ತುಳಿಯುತ್ತ ಸಾಗುವ ಹಾಳೆಯನ್ನು ನೋಡಿದವರು ಅದಕ್ಕೆ ಬಣ್ಣ ಬಳಿಯಲು ಮನಸ್ಸು ಮಾಡಲಾರರು. ದಪ್ಪಗಾಗುತ್ತ, ತೆಳುವಾಗುತ್ತ, ಒತ್ತೊತ್ತಾಗಿ, ಬಿಡಿಬಿಡಿಯಾಗಿ ಓಡುವ ಕಪ್ಪುಗೆರೆಗಳಲ್ಲೇ ಬೆಳಕು, ಮೋಡ, ಬಟ್ಟೆಯ ಮಡಿಕೆ, ಭಯ ಎಲ್ಲವೂ ಇವೆ. ವಿದ್ವಾಂಸ ಎರಾಸ್ಮಸ್ 1528ರಲ್ಲಿ ಡ್ಯೂರರ್‌ನನ್ನು ಹೊಗಳಿದ್ದು ಇದಕ್ಕಾಗಿಯೇ. ಮರದ ಹಲಗೆಯಲ್ಲಿ ಉಬ್ಬಾಗಿ ಉಳಿಯಬೇಕಾದ ಗೆರೆಯ ಎರಡೂ ಬದಿಯನ್ನು ಕೆತ್ತಿ ತೆಗೆಯಬೇಕು. ಕೂದಲೆಳೆಯಷ್ಟು ತಪ್ಪಿದರೂ ಗೆರೆ ಮುರಿಯುತ್ತದೆ. ನಂತರದ ವರ್ಷಗಳಲ್ಲಿ ಆತ ಬರೆದುಕೊಟ್ಟ ಗೆರೆಯನ್ನು ಕೆತ್ತಲು ನುರಿತ ಕೆಲಸಗಾರರಿದ್ದರು. ತಾಮ್ರಫಲಕವನ್ನು ಮಾತ್ರ ತನ್ನ ಕೈಯಿಂದಲೇ ಕೊರೆಯುತ್ತಿದ್ದ, ಅಕ್ಕಸಾಲಿಗನ ಮಗನಲ್ಲವೇ?

ಇನ್ನು ನನ್ನ ಹೆಂಡತಿಯ ಪ್ರಶ್ನೆಗೆ ಬರುತ್ತೇನೆ. ಊರೂರಿಗೆ ಹೋಗಿ ಹಾಳೆಗಳನ್ನು ಮಾರಲು ಡ್ಯೂರರ್ 1497ರಷ್ಟು ಹಿಂದೆಯೇ ಕರಾರು ಬರೆದು ಸಂಬಳದ ಆಳನ್ನು ಇಟ್ಟಿದ್ದ. ಈ ಏರ್ಪಾಡು ಯಾವಾಗಲೂ ಸುಖವಾಗಿರಲಿಲ್ಲ. ಹಾಗೆ ಹೋದವನೊಬ್ಬ ರೋಮಿನಲ್ಲಿ ತೀರಿಕೊಂಡು, ಅವನ ಬಳಿಯಿದ್ದ ಸರಕೆಲ್ಲ ನಷ್ಟವಾಯಿತೆಂದು ಡ್ಯೂರರ್ ತನ್ನ ಕುಟುಂಬದ ದಾಖಲೆಯಲ್ಲಿ ಬರೆದುಕೊಂಡಿದ್ದಾನೆ. ನಂಬಿಕೆಯ ಮಾರಾಟಗಾರರು ಇದ್ದದ್ದು ಮನೆಯೊಳಗೆ. ನ್ಯೂರೆಂಬರ್ಗಿನ ಪವಿತ್ರ ಅವಶೇಷಗಳ ಉತ್ಸವಕ್ಕೆ ಜನ ಸೇರಿದಾಗ ಮಳಿಗೆ ನೋಡಿಕೊಳ್ಳುತ್ತಿದ್ದವಳು ಮುದಿ ತಾಯಿ ಬಾರ್ಬರಾ. ಫ್ರಾಂಕ್‌ಫರ್ಟಿನ ಮಹಾಸಂತೆಗೆ ಸರಕು ಕಟ್ಟಿಕೊಂಡು ಹೋಗುತ್ತಿದ್ದವಳು ಆಗ್ನೆಸ್. ನ್ಯೂರೆಂಬರ್ಗಿನಿಂದ ಫ್ರಾಂಕ್‌ಫರ್ಟ್ ಸುಮಾರು ಇನ್ನೂರು ಕಿಲೋಮೀಟರ್. ಗಾಡಿಯಲ್ಲಿ ಹಲವು ದಿನಗಳ ದಾರಿ. 1506ರಲ್ಲಿ ಗಂಡ ವೆನಿಸ್‌ನಲ್ಲಿ ಇಟಲಿಯ ಚಿತ್ರಕಾರರ ನಡುವೆ ಹೆಸರು ಗಳಿಸುತ್ತಿದ್ದಾಗ, ಹೆಂಡತಿ ಆ ಸಂತೆಯಲ್ಲಿ ಕೂತು ಅವನ ಹಾಳೆಗಳನ್ನು ಮಾರುತ್ತಿದ್ದಳು. ಯೂರೋಪಿನ ಮೂಲೆಮೂಲೆಯ ವರ್ತಕರು ಅಲ್ಲಿಗೆ ಬರುತ್ತಿದ್ದರು. ಅವರ ಮೂಟೆಗಳಲ್ಲಿ ಬಟ್ಟೆಯ ಜೊತೆಗೆ, ಪುಸ್ತಕಗಳ ಜೊತೆಗೆ ಡ್ಯೂರರ್ ಕೂಡ ಊರೂರು ಸೇರಿದ. ರಿನೇಸಾನ್ಸ್ ಕಲೆ ಆಲ್ಪ್ಸ್ ದಾಟಿದ್ದು ಹೀಗೂ ಹೌದು.

ಹಾಳೆ ಊರೂರು ಅಲೆಯಬಲ್ಲದ್ದಾದರೆ ಅದನ್ನು ಕದಿಯುವುದೂ ಸುಲಭ. ಇಲ್ಲಿಂದ ಡ್ಯೂರರ್‌ನ ಬದುಕಿನ ಅತ್ಯಂತ ಸ್ವಾರಸ್ಯದ ಭಾಗ ಆರಂಭವಾಗುತ್ತದೆ.

ಅಗಲವಾಗಿ ಕಾಲು ಚಾಚಿ ನಿಂತ ದೊಡ್ಡ 'ಎ', ಅದರ ಕಾಲುಗಳ ನಡುವೆ ಆಶ್ರಯ ಪಡೆದಂತೆ ಪುಟ್ಟ 'ಡಿ': ಇದು ಡ್ಯೂರರ್‌ನ ಮುದ್ರಿಕೆ. 1490ರ ದಶಕದ ಕೊನೆಗೆ ಈ ರೂಪ ನೆಲೆನಿಂತಿತು. ಶೋನ್‌ಗಾವರ್‌ನಂಥವರು ತಾಮ್ರದಚ್ಚಿಗೆ ಮಾತ್ರ ಕೊಟ್ಟಿದ್ದ ಗೌರವವನ್ನು ಡ್ಯೂರರ್ ಕೀಳೆಂದು ಎಣಿಸಲಾಗಿದ್ದ ಮರದಚ್ಚಿಗೂ ಕೊಟ್ಟ. ಚಿತ್ರದ ಮೂಲೆಯಲ್ಲಿ ಅವಿತುಕೊಳ್ಳದೆ, ಕಲ್ಲಿನ ಮೇಲೆ ಕೆತ್ತಿದಂತೆಯೋ, ಮರಕ್ಕೆ ನೇತುಹಾಕಿದ ಹಲಗೆಯ ಮೇಲೆ ಬರೆದಂತೆಯೋ ಅದು ಚಿತ್ರದ ಲೋಕದೊಳಗೇ ಇರುತ್ತದೆ. ಕೊಳ್ಳುವವರು ಕ್ರಮೇಣ ಸಂತನ ಚಿತ್ರ ಬೇಕೆಂದು ಕೇಳುವುದರ ಬದಲು ಡ್ಯೂರರ್ ಬೇಕೆಂದು ಕೇಳತೊಡಗಿದರು. ಬೊಲೋನ್ಯಾದಲ್ಲಿ ಪಳಗಿದ ಮಾರ್ಕಾಂಟೋನಿಯೊ ರೈಮಾಂಡಿ ಎಂಬ ಕುಶಲ ಕೊರೆತಗಾರನಿಗೆ ಇದು ಚೆನ್ನಾಗಿ ಅರ್ಥವಾಯಿತು. ಬಿಡಿಹಾಳೆಗಳಾಗಿ ಇಟಲಿಗೆ ಬಂದಿದ್ದ ಡ್ಯೂರರ್‌ನ 'ಮೇರಿಯ ಜೀವನ' ಸರಣಿಯ ಹದಿನೇಳು ಮರದಚ್ಚುಗಳನ್ನು 1506ರ ಸುಮಾರಿಗೆ ಆತ ತಾಮ್ರದಲ್ಲಿ ಗೆರೆಗೆ ಗೆರೆ ಕೊರೆದ. ಮುದ್ರಿಕೆಯನ್ನೂ ಬಿಡಲಿಲ್ಲ.

ಇಟಲಿಯ ಕಲಾವಿದರ ಚರಿತ್ರೆ ಬರೆದ ವಸಾರಿಯ ಪ್ರಕಾರ, ಡ್ಯೂರರ್ ಕೆರಳಿ ವೆನಿಸ್‌ಗೆ ಧಾವಿಸಿ ಅಲ್ಲಿನ ಆಡಳಿತದ ಮುಂದೆ ದೂರು ಕೊಟ್ಟ; ಸಿಕ್ಕ ತೀರ್ಪು ಇಷ್ಟೇ: ಮಾರ್ಕಾಂಟೋನಿಯೊ ಇನ್ನು ಮುಂದೆ ಡ್ಯೂರರ್‌ನ ಮುದ್ರಿಕೆಯನ್ನು ಬಳಸಕೂಡದು. ಚಿತ್ರವನ್ನು ನಕಲು ಮಾಡಬಾರದೆಂದಲ್ಲ, ಹೆಸರನ್ನು ನಕಲು ಮಾಡಬಾರದೆಂದು. ವಸಾರಿ ಇದನ್ನು ಬರೆದದ್ದು ಅರವತ್ತು ವರ್ಷಗಳ ನಂತರ. ಸರಣಿಯ ಹೆಸರನ್ನೇ ಆತ ತಪ್ಪಾಗಿ ಹೇಳಿದ್ದಾನೆ. ಆದ್ದರಿಂದ ಮೊಕದ್ದಮೆಯ ಕಥೆಯನ್ನು ವಿದ್ವಾಂಸರು ಪೂರ್ತಿ ನಂಬುವುದಿಲ್ಲ. ಆದರೆ ಇದೇ ಧಾಟಿಯ ತೀರ್ಮಾನವೊಂದು ನ್ಯೂರೆಂಬರ್ಗಿನ ನಗರಸಭೆಯ ದಾಖಲೆಯಲ್ಲಿ ನಿಸ್ಸಂದೇಹವಾಗಿ ಇದೆ. 1512ರ ಜನವರಿಯಲ್ಲಿ ಪರಸ್ಥಳದವನೊಬ್ಬ ಪುರಭವನದ ಕೆಳಗೇ ಕೂತು ಡ್ಯೂರರ್‌ನ ಸುಳ್ಳು ಮುದ್ರಿಕೆಯ ಹಾಳೆಗಳನ್ನು ಮಾರುತ್ತಿದ್ದ. ಆ ಗುರುತನ್ನೆಲ್ಲ ಅಳಿಸಬೇಕು, ಇಲ್ಲವಾದರೆ ಹಾಳೆಗಳನ್ನು ಖೋಟಾ ಎಂದು ಮುಟ್ಟುಗೋಲು ಹಾಕಿಕೊಳ್ಳಲಾಗುವುದು ಎಂದು ಸಭೆ ಆಜ್ಞೆ ಮಾಡಿತು. ಅದಕ್ಕೆ ತುಸು ಮುಂಚೆ, 1511ರಲ್ಲಿ, 'ಮೇರಿಯ ಜೀವನ'ವನ್ನು ಪುಸ್ತಕವಾಗಿ ತಂದಾಗ ಡ್ಯೂರರ್ ಅದರ ಕೊನೆಯಲ್ಲಿ ಪರರ ಶ್ರಮವನ್ನೂ ಬುದ್ಧಿಯನ್ನೂ ಕದಿಯುವವರಿಗೆ ಕಟುವಾದ ಎಚ್ಚರಿಕೆಯನ್ನು ಅಚ್ಚು ಹಾಕಿಸಿದ್ದ: ಸಾಮ್ರಾಟ ಮ್ಯಾಕ್ಸಿಮಿಲಿಯನ್ ತನಗೆ ರಕ್ಷಣೆಯ ಸನ್ನದು ಕೊಟ್ಟಿದ್ದಾನೆ, ಸಾಮ್ರಾಜ್ಯದೊಳಗೆ ಇವುಗಳ ನಕಲನ್ನು ಅಚ್ಚು ಹಾಕುವುದಾಗಲಿ ಮಾರುವುದಾಗಲಿ ಅಪರಾಧವೆಂದು. ಚಿತ್ರ ಬೇರೆ, ಚಿತ್ರದ ಹಾಳೆ ಬೇರೆ. ಹಾಳೆಯನ್ನು ಮಾರಿದ ಮೇಲೂ ಚಿತ್ರ ಮಾಡಿದವನಿಗೇ ಸೇರಿದ್ದು ಎಂಬ ಕಲ್ಪನೆಯ ಮೊಳಕೆಯನ್ನು ನಾನು ಇಲ್ಲಿ ಕಾಣುತ್ತೇನೆ. ಕೃತಿಸ್ವಾಮ್ಯದ ಕಾಯಿದೆಗಳು ಬರಲು ಇನ್ನೂ ಎರಡು ಶತಮಾನ ಬೇಕಾಯಿತು.

ವರ್ಣಚಿತ್ರದ ಕಸುಬು ಅವನನ್ನು ಎಷ್ಟು ದಣಿಸಿತ್ತೆಂಬುದಕ್ಕೆ ಫ್ರಾಂಕ್‌ಫರ್ಟಿನ ವರ್ತಕ ಯಾಕೋಬ್ ಹೆಲ್ಲರ್‌ಗೆ ಬರೆದ ಕಾಗದಗಳು ಸಾಕ್ಷಿ. ಚರ್ಚಿನ ಪೀಠಕ್ಕೊಂದು ಚಿತ್ರವನ್ನು 130 ಫ್ಲೋರಿನ್‌ಗೆ ಒಪ್ಪಿಕೊಂಡ ಡ್ಯೂರರ್, ಕೆಲಸ ಮುಗಿಯದೆ ಬೆಳೆಯುತ್ತ ಹೋದಾಗ 200 ಕೇಳಿದ. ಚೌಕಾಸಿ ಕಹಿಯಾಗುವ ತನಕ ನಡೆಯಿತು. 1509ರಲ್ಲಿ ಚಿತ್ರವನ್ನು ಒಪ್ಪಿಸುವ ವೇಳೆಗೆ ಇನ್ನು ಇಂಥ ಕೆಲಸ ಹಿಡಿಯುವುದಿಲ್ಲ, ತಾಮ್ರ ಕೊರೆದುಕೊಂಡಿರುತ್ತೇನೆ, ಹಾಗೆ ಮಾಡಿದ್ದರೆ ಇಷ್ಟರಲ್ಲಿ ಸಾವಿರ ಫ್ಲೋರಿನ್ ಹೆಚ್ಚು ಇರುತ್ತಿತ್ತು ಎಂಬ ನಿಲುವಿಗೆ ಆತ ಬಂದಿದ್ದ. ಆ ವರ್ಣಚಿತ್ರದ ನಡುಭಾಗ 1729ರಲ್ಲಿ ಮ್ಯೂನಿಕ್ಕಿನ ಅರಮನೆಯ ಬೆಂಕಿಯಲ್ಲಿ ಸುಟ್ಟುಹೋಯಿತು. ಅದಕ್ಕಾಗಿ ನೀಲಿ ಕಾಗದದ ಮೇಲೆ ಕುಂಚದಿಂದ ಬರೆದುಕೊಂಡ ಎರಡು ಕೈಗಳ ಅಭ್ಯಾಸಚಿತ್ರ ಮಾತ್ರ ಉಳಿಯಿತು. ಪ್ರಾರ್ಥನೆಗೆ ಜೋಡಿಸಿದ ಆ ಕೈಗಳನ್ನು ಓದುಗರಲ್ಲಿ ಹಲವರು ಶುಭಾಶಯ ಪತ್ರಗಳಲ್ಲೋ ಗೋಡೆಯ ಫಲಕಗಳಲ್ಲೋ ಖಂಡಿತ ನೋಡಿರುತ್ತಾರೆ. ನಾನು ಮೊದಲು ಕಂಡದ್ದು ಬೆಂಗಳೂರಿನ ಒಂದು ನರ್ಸಿಂಗ್ ಹೋಮಿನ ಗೋಡೆಯ ಮೇಲೆ, ಬರೆದವನ ಹೆಸರು ತಿಳಿಯುವುದಕ್ಕೆ ಬಹಳ ಮುಂಚೆ.

ಡ್ಯೂರರ್‌ನ ಹಾಳೆಗಳಲ್ಲೆಲ್ಲ ಜನಪ್ರಿಯವಾದದ್ದರ ಕಥೆ ನಮ್ಮ ನೆರೆಯಲ್ಲಿಯೇ ಶುರುವಾಗುತ್ತದೆ. ಗುಜರಾತಿನ ಸುಲ್ತಾನ ಎರಡನೆಯ ಮುಜಫ್ಫರ್ ಶಾಹ, ಪೋರ್ಚುಗೀಸರ ಗವರ್ನರ್ ಆಲ್ಬುಕರ್ಕ್‌ಗೆ 1514ರಲ್ಲಿ ಒಂದು ಘೇಂಡಾಮೃಗವನ್ನು ಉಡುಗೊರೆಯಾಗಿ ಕಳುಹಿಸಿದ. ಆಲ್ಬುಕರ್ಕ್ ಅದನ್ನು ಗೋವೆಯಿಂದ ಹಡಗು ಹತ್ತಿಸಿದ. 1515ರ ಮೇ 20ರಂದು ಅದು ಲಿಸ್ಬನ್ ಮುಟ್ಟಿತು. ಪೋರ್ಚುಗೀಸರು ಅದನ್ನು ಕರೆದದ್ದು ಗಂಡಾ ಎಂದು. ನಮ್ಮ ಘೇಂಡಾ ಶಬ್ದವೇ ಹಡಗು ಹತ್ತಿ ಹೋಗಿತ್ತು. ರೋಮನರ ಕಾಲದ ನಂತರ ಯೂರೋಪು ಕಂಡ ಮೊದಲ ಘೇಂಡಾಮೃಗ ಅದು. ಡ್ಯೂರರ್ ಅದನ್ನು ನೋಡಲೇ ಇಲ್ಲ. ಲಿಸ್ಬನ್ನಿನಿಂದ ಬಂದ ಕಾಗದವೊಂದನ್ನೂ ಯಾರೋ ಬರೆದ ರೇಖಾಚಿತ್ರವನ್ನೂ ಆಧರಿಸಿ ಮರದಚ್ಚು ಮಾಡಿದ. ಚರ್ಮದ ಮಡಿಕೆಗಳು ಮೊಳೆ ಹೊಡೆದ ಉಕ್ಕಿನ ಕವಚವಾದವು. ಬೆನ್ನ ಮೇಲೆ ಇಲ್ಲದ ಪುಟ್ಟ ಕೊಂಬೊಂದು ಮೂಡಿತು. ಮೇಲಿನ ಒಕ್ಕಣೆಯಲ್ಲಿ ಪ್ರಾಣಿ ಬಂದ ವರ್ಷವೂ 1513 ಎಂದು ತಪ್ಪಾಯಿತು. ಅವನ ಜೀವಿತಕಾಲದಲ್ಲಿಯೇ ನಾಲ್ಕೈದು ಸಾವಿರ ಪ್ರತಿಗಳು ಮಾರಾಟವಾದವೆಂದು ಅಂದಾಜು. ನಿಜವಾದ ಪ್ರಾಣಿ 1516ರ ಆರಂಭದಲ್ಲಿ, ಪೋಪ್‌ಗೆ ಉಡುಗೊರೆಯಾಗಿ ಹೋಗುತ್ತಿದ್ದಾಗ, ಇಟಲಿಯ ಕರಾವಳಿಯಲ್ಲಿ ಹಡಗು ಒಡೆದು ಮುಳುಗಿಹೋಯಿತು. ಇತ್ತ ಬೆನ್ನಮೇಲೆ ಕೊಂಬಿನ ಕಾಗದದ ಪ್ರಾಣಿ ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಪ್ರಾಣಿಶಾಸ್ತ್ರದ ಗ್ರಂಥಗಳಲ್ಲಿ ನೆಮ್ಮದಿಯಾಗಿ ಮೇಯುತ್ತಿತ್ತು. ನಕಲುಗಾರರ ಮೇಲೆ ಹರಿಹಾಯ್ದ ಡ್ಯೂರರ್, ತನಗೆ ಆಧಾರವಾದ ರೇಖಾಚಿತ್ರದವನ ಹೆಸರನ್ನು ಎಲ್ಲೂ ಹೇಳಿಲ್ಲವೆಂಬುದನ್ನೂ ಗಮನಿಸಬೇಕು.

ಇದಕ್ಕೆ ಪ್ರತಿಯಾಗಿ ಭಾರತಕ್ಕೂ ಡ್ಯೂರರ್ ಬಂದ. ಜೆಸುಯಿಟ್ ಪಾದ್ರಿಗಳು ಮೊಗಲರ ಆಸ್ಥಾನಕ್ಕೆ ಯೂರೋಪಿನ ಅಚ್ಚುಚಿತ್ರಗಳನ್ನು ತಂದು ಕೊಡುತ್ತಿದ್ದರು. ಹಾಗೆ ಬಂದ, 1511ರ ಶಿಲುಬೆಯ ದೃಶ್ಯದ ತಾಮ್ರದಚ್ಚಿನಿಂದ, ದುಃಖದಲ್ಲಿ ಕೈಗಳನ್ನು ಹೆಣೆದು ನಿಂತ ಸಂತ ಯೋಹಾನನ ಒಂದು ಆಕೃತಿಯನ್ನು ಮಾತ್ರ ಆರಿಸಿಕೊಂಡು 1600ರ ಸುಮಾರಿಗೆ ಅಬುಲ್ ಹಸನ್ ಎಂಬ ಹುಡುಗ ಬರೆದ. ಮುಂದೆ ಜಹಾಂಗೀರನ ಮೆಚ್ಚಿನ ಚಿತ್ರಕಾರನಾದವನು ಇವನೇ. ಆ ಚಿತ್ರ ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿದೆ. ಹುಡುಗ ಅದರ ಮೇಲೆ ತನ್ನ ಹೆಸರನ್ನೂ, ತನಗೆ ಹದಿಮೂರನೆಯ ವರ್ಷವೆಂಬುದನ್ನೂ ಪರ್ಷಿಯನ್ ಲಿಪಿಯಲ್ಲಿ ಬರೆದಿದ್ದಾನೆ.

ಡ್ಯೂರರ್‌ನ ಕೊನೆಯ ದೊಡ್ಡ ಪ್ರಯಾಣಕ್ಕೆ ಕಾರಣ ಹಣವೇ. 1515ರಲ್ಲಿ ಮ್ಯಾಕ್ಸಿಮಿಲಿಯನ್ ವರ್ಷಕ್ಕೆ 100 ಫ್ಲೋರಿನ್ ವೇತನ ಗೊತ್ತುಮಾಡಿದ್ದ. 1519ರಲ್ಲಿ ಆತ ಸತ್ತಾಗ ನಗರಸಭೆ ಅದನ್ನು ತಡೆಹಿಡಿಯಿತು. ಹೊಸ ಸಾಮ್ರಾಟ ಐದನೆಯ ಚಾರ್ಲ್ಸ್‌ನಿಂದ ಅದನ್ನು ಖಾಯಂ ಮಾಡಿಸಿಕೊಳ್ಳಲೆಂದು 1520ರ ಜುಲೈ 12ರಂದು ಡ್ಯೂರರ್ ನೆದರ್ಲೆಂಡ್ಸ್‌ಗೆ ಹೊರಟ. ಈ ಸಲ ಆಗ್ನೆಸ್‌ಳೂ ಜೊತೆಗಿದ್ದಳು; ಅಚ್ಚುಚಿತ್ರಗಳ ಮೂಟೆಗಳೂ. ಆ ಪ್ರಯಾಣದ ಲೆಕ್ಕದ ಪುಸ್ತಕ ನಮಗೆ ಉಳಿದಿದೆ. ಸುಂಕದ ಕಟ್ಟೆಗಳು, ಊಟದ ಖರ್ಚು, ಜೂಜಿನಲ್ಲಿ ಸೋತ ಕಾಸು, ಮಾರಿದ ಹಾಳೆ, ಬಿಟ್ಟಿ ಕೊಟ್ಟ ಹಾಳೆ ಎಲ್ಲವೂ ಅದರಲ್ಲಿವೆ. ಆಂಟ್‌ವರ್ಪ್‌ನಲ್ಲಿ ವರ್ತಕನೊಬ್ಬ 'ಕಿರಿಯ ಯಾತನೆ'ಯ ಹದಿನಾರು ಪ್ರತಿಗಳನ್ನು 4 ಫ್ಲೋರಿನ್‌ಗೆ ಕೊಂಡ. ಅಂದರೆ ಮೂವತ್ತೇಳು ಮರದಚ್ಚುಗಳ ಪುಸ್ತಕಕ್ಕೆ ಕಾಲು ಫ್ಲೋರಿನ್. ಹೆಲ್ಲರ್‌ನ ಒಂದು ಚಿತ್ರದ ಬೆಲೆಗೆ ಎಂಟುನೂರು ಪುಸ್ತಕ. ಬ್ರಸೆಲ್ಸ್‌ನಲ್ಲಿ, ಸ್ಪೇನಿನವರು ಮೆಕ್ಸಿಕೋದಿಂದ ತಂದ ಚಿನ್ನದ ಸೂರ್ಯನನ್ನೂ ಬೆಳ್ಳಿಯ ಚಂದ್ರನನ್ನೂ ಕಂಡು ಅಕ್ಕಸಾಲಿಗನ ಮಗ ಬೆರಗಾದ. ಆಂಟ್‌ವರ್ಪ್‌ನಲ್ಲಿದ್ದ ರಾಫೆಲ್‌ನ ಶಿಷ್ಯನೊಬ್ಬನ ಕೈಗೆ ತನ್ನ ಹಾಳೆಗಳ ಪೂರ್ತಿ ಗಂಟನ್ನು ಕೊಟ್ಟು, ಅದನ್ನು ರೋಮ್‌ಗೆ ಕಳುಹಿಸಿ ರಾಫೆಲ್‌ನ ಕೃತಿಗಳನ್ನು ತರಿಸಿಕೊಡುವಂತೆ ಕೇಳಿಕೊಂಡ. ರಾಫೆಲ್ ಅದೇ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದ. ಅವನ ಚಿತ್ರಗಳನ್ನು ತಾಮ್ರದಲ್ಲಿ ಕೊರೆದು ಲೋಕಕ್ಕೆ ಹರಡಿದವರಲ್ಲಿ ಮೊದಲಿಗ ಯಾರೆಂದರೆ, ರೋಮ್ ಸೇರಿದ್ದ ಅದೇ ಮಾರ್ಕಾಂಟೋನಿಯೊ!

ವೇತನ ಖಾಯಮಾಯಿತು. ಆದರೆ ಪ್ರಯಾಣದಿಂದ ಗಿಟ್ಟಿದ್ದೇನೂ ಇಲ್ಲ. ಕೊಟ್ಟದ್ದು, ಮಾರಿದ್ದು, ಕೊಂಡದ್ದು ಎಲ್ಲದರಲ್ಲೂ ತನಗೆ ನಷ್ಟವೇ ಆಯಿತೆಂದು ಆತನೇ ಲೆಕ್ಕ ಮುಗಿಸಿದ್ದಾನೆ. ಮ್ಯಾಕ್ಸಿಮಿಲಿಯನ್‌ನ ಮಗಳು, ನೆದರ್ಲೆಂಡ್ಸ್ ಆಳುತ್ತಿದ್ದ ಮಾರ್ಗರೆಟ್, ಡ್ಯೂರರ್ ಬರೆದ ತನ್ನ ತಂದೆಯ ಭಾವಚಿತ್ರವನ್ನು ಮೆಚ್ಚದೆ ಹಿಂತಿರುಗಿಸಿದಳು. ಅದನ್ನು ಆತ ಬಿಳಿಯ ಇಂಗ್ಲಿಷ್ ಬಟ್ಟೆಗೆ ಬದಲು ಕೊಟ್ಟ. ಡಿಸೆಂಬರಿನ ಚಳಿಯಲ್ಲಿ, ದಡಕ್ಕೆ ಬಿದ್ದ ತಿಮಿಂಗಿಲವನ್ನು ನೋಡಲೆಂದು ಝೀಲ್ಯಾಂಡಿನ ಕರಾವಳಿಗೆ ಹೋದರೆ, ಅವನು ತಲಪುವ ಮೊದಲೇ ಅಲೆಗಳು ಅದನ್ನು ಒಯ್ದಿದ್ದವು. ಆ ಪ್ರವಾಸದಲ್ಲಿ ಅಂಟಿದ ಜ್ವರ ಮತ್ತೆ ಮತ್ತೆ ಮರುಕಳಿಸಿತು. 1528ರ ಏಪ್ರಿಲ್ 6ರಂದು, ಐವತ್ತಾರನೆಯ ವಯಸ್ಸಿನಲ್ಲಿ, ಡ್ಯೂರರ್ ನ್ಯೂರೆಂಬರ್ಗಿನಲ್ಲಿ ತೀರಿಕೊಂಡ. ಮನೆ, ಹಣ, ವಸ್ತು ಎಲ್ಲ ಸೇರಿ ಬಿಟ್ಟುಹೋದ ಆಸ್ತಿ 6,000 ಫ್ಲೋರಿನ್‌ಗೂ ಹೆಚ್ಚು. ಮಕ್ಕಳಿರಲಿಲ್ಲ.

ಈಗ ನನ್ನ ಆ ಒಂದು ವಾಕ್ಯದ ಮೂಲಕ್ಕೆ ಬರಬೇಕು. ಅದು ಹುಟ್ಟಿದ್ದು ಡ್ಯೂರರ್‌ನ ಆಪ್ತಮಿತ್ರ, ಶ್ರೀಮಂತ ವಿದ್ವಾಂಸ ವಿಲಿಬಾಲ್ಡ್ ಪಿರ್ಕ್‌ಹೈಮರ್ 1530ರಲ್ಲಿ ವಿಯೆನ್ನಾದ ಗೆಳೆಯನಿಗೆ ಬರೆದ ಕಾಗದದಲ್ಲಿ. ಆಗ್ನೆಸ್ ಗಂಡನ ಹೃದಯವನ್ನು ಕೊರೆದು ತಿಂದಳೆಂದೂ, ಹಣಕ್ಕಾಗಿ ಹಗಲಿರುಳು ದುಡಿಸಿ ಕಡ್ಡಿಯಾಗಿಸಿದಳೆಂದೂ ಆತ ದೂರಿದ್ದಾನೆ. ಅದೇ ಕಾಗದದಲ್ಲಿ ಇನ್ನೊಂದು ದೂರೂ ಇದೆ. ಡ್ಯೂರರ್‌ನ ಬಳಿ ಜಿಂಕೆಯ ಚೆಂದದ ಕೊಂಬುಗಳಿದ್ದವು. ಅವು ತನಗೆ ಬೇಕೆಂದು ಪಿರ್ಕ್‌ಹೈಮರ್ ಆಸೆಪಟ್ಟಿದ್ದ. ಆಗ್ನೆಸ್ ಅವನ್ನು ಯಾರಿಗೋ ಅಗ್ಗಕ್ಕೆ ಮಾರಿಬಿಟ್ಟಿದ್ದಳು. ಗೌಟ್ ಬೇನೆಯಿಂದ ನರಳುತ್ತಿದ್ದ, ಅದೇ ವರ್ಷದ ಕೊನೆಗೆ ತೀರಿಕೊಂಡ ಮುದುಕನ ಸಿಡುಕು ಅದು. ಮೂರೂವರೆ ಶತಮಾನ ಚರಿತ್ರಕಾರರು ಅದನ್ನೇ ಪ್ರಮಾಣವೆಂದು ನಂಬಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮೋರಿಟ್ಸ್ ಟೌಸಿಂಗ್ ಎಂಬ ವಿದ್ವಾಂಸ ದಾಖಲೆಗಳನ್ನು ಮುಂದಿಟ್ಟು ಆಗ್ನೆಸ್‌ಳ ಪರ ವಾದಿಸಿದರು. ನಾನು ಲೇಖನ ಬರೆಯುವ ಹೊತ್ತಿಗೆ ಆ ವಾದಕ್ಕೆ ನೂರು ವರ್ಷ ಮೀರಿತ್ತು. ನಾನು ಅದನ್ನು ಓದಿರಲಿಲ್ಲ.

ದಾಖಲೆಗಳು ಹೇಳುವುದು ಬೇರೆ ಕಥೆಯನ್ನು. ಡ್ಯೂರರ್ ಕಣ್ಣು ಮುಚ್ಚಿದಾಗ ಅವನ ಜೀವಮಾನದ ಅಧ್ಯಯನವಾದ ಮಾನವ ದೇಹದ ಪ್ರಮಾಣಗಳ ಪುಸ್ತಕ ಇನ್ನೂ ಹೊರಬಂದಿರಲಿಲ್ಲ. ಅದನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಅಚ್ಚು ಹಾಕಿಸಿ ಪ್ರಕಟಿಸಿದವಳು ಆಗ್ನೆಸ್. ಅದು ಬರುವ ಮೊದಲು ಅದೇ ವಿಷಯದ ಬೇರೆ ಪುಸ್ತಕವನ್ನು ತರಕೂಡದೆಂದು ಚಿತ್ರಕಾರ ಬೆಹಾಮ್ ಹಾಗೂ ಅಚ್ಚು ಕೆತ್ತುವ ಹಿರೋನಿಮಸ್ ಆಂಡ್ರೆ ಇಬ್ಬರಿಗೂ ನಗರಸಭೆ ತಾಕೀತು ಮಾಡಿತ್ತು. ಗಂಡನ ಕೃತಿಗಳಿಗೆ ಸಾಮ್ರಾಟನಿಂದ ರಕ್ಷಣೆಯ ಸನ್ನದನ್ನೂ ಆಕೆ ಪಡೆದಳು. ಮೈದುನಂದಿರಿಗೆ ತನ್ನ ಕಾಲಾನಂತರ ಸಲ್ಲಬೇಕಾಗಿದ್ದ ಪಾಲನ್ನು, ಯಾವ ಕಾನೂನಿನ ಒತ್ತಾಯವಿಲ್ಲದೆ, ಬದುಕಿರುವಾಗಲೇ ಬಿಟ್ಟುಕೊಟ್ಟಳು. ಸಾವಿರ ಫ್ಲೋರಿನ್‌ನ ಬಡ್ಡಿಯನ್ನು, ನ್ಯೂರೆಂಬರ್ಗಿನ ಕುಶಲಕರ್ಮಿಗಳ ಮಕ್ಕಳು ವಿಟೆನ್‌ಬರ್ಗಿನ ವಿಶ್ವವಿದ್ಯಾಲಯದಲ್ಲಿ ಓದಲೆಂದು ಮೀಸಲಿಟ್ಟಳು. ಆಕೆ ತೀರಿಕೊಂಡದ್ದು 1539ರಲ್ಲಿ. ಅಲ್ಲಿಯವರೆಗೂ, ಹನ್ನೊಂದು ವರ್ಷ, ಡ್ಯೂರರ್‌ನ ಹಾಳೆಗಳ ವ್ಯವಹಾರ ಅವಳ ಕೈಯಲ್ಲಿತ್ತು.

ನ್ಯೂರೆಂಬರ್ಗಿನಿಂದ ಹೊರಡುವ ದಿನ ಬೆಳಿಗ್ಗೆ ನಾವು ಸಂತ ಯೋಹಾನನ ಸ್ಮಶಾನಕ್ಕೆ ಹೋದೆವು. ಸಾಲುಸಾಲಾಗಿ ಮಲಗಿಸಿದ ಕಲ್ಲುಗಳು, ಅವುಗಳ ಮೇಲೆ ಕಂಚಿನ ಫಲಕಗಳು, ನಡುನಡುವೆ ಗುಲಾಬಿ ಗಿಡಗಳು. ಡ್ಯೂರರ್‌ನ ಸಮಾಧಿಯ ಫಲಕದ ಮೇಲೆ ಲ್ಯಾಟಿನ್ನಿನಲ್ಲಿ ಒಂದು ಚಿಕ್ಕ ಬರಹವಿದೆ. ಆಲ್ಬ್ರೆಕ್ಟ್ ಡ್ಯೂರರ್‌ನಲ್ಲಿ ಅಳಿಯುವಂಥದ್ದು ಏನಿತ್ತೋ ಅದೆಲ್ಲ ಇಲ್ಲಿದೆ ಎಂಬುದು ಅದರ ತಾತ್ಪರ್ಯ, ರಚಿಸಿದವನು ಪಿರ್ಕ್‌ಹೈಮರ್. ಜೊತೆಗೆ ಆ ಎರಡಕ್ಷರಗಳ ಮುದ್ರಿಕೆ. ಹೆಂಡತಿಗೆ ಅದನ್ನು ಓದಿ ಅರ್ಥ ಹೇಳಿದೆ. ಅವಳು ಮಾರ್ಗದರ್ಶಿ ಪುಸ್ತಕವನ್ನು ತಿರುವಿ ನೋಡಿ, ಈ ಜಾಗ ಡ್ಯೂರರ್ ಮನೆತನದ್ದಲ್ಲ, ಫ್ರೈ ಮನೆತನದ್ದು, ಆಗ್ನೆಸ್‌ಳ ತಂದೆಯ ಸಮಾಧಿಯಲ್ಲೇ ಅಳಿಯನನ್ನೂ ಮಲಗಿಸಿದ್ದಾರೆ ಎಂದು ನನಗೆ ತೋರಿಸಿದಳು.